ಆರು ಅಕ್ಷರಗಳು, ಎಷ್ಟು ಪದಗಳು?

ಬರೆದಂತೆ ಓದುವುದು, ನುಡಿದಂತೆ ಬರೆಯುವುದು ಕನ್ನಡಿಗರಾದ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದೊಂದು ಭಾಗ್ಯವೆಂಬುದು ಇಂಗ್ಲಿಷ್ ಕಲಿಯತೊಡಗುವವರೆಗೆ ನಮ್ಮ ಅರಿವಿಗೇ ಬರುವುದಿಲ್ಲ. 'ಸರ'ವನ್ನು ತಿರುವಿದರೆ 'ರಸ'. 'ನವ'ವನ್ನು ತಿರುವಿದರೆ 'ವನ'. ಅಕ್ಷರವು ಎಲ್ಲಿಗೆ ಹೋದರೂ ತನ್ನ ಧ್ವನಿಯನ್ನು ಜೊತೆಯಲ್ಲೇ ಕೊಂಡೊಯ್ಯುತ್ತದೆ. ಇಂಗ್ಲಿಷಿನ ನಡೆ ಬೇರೆ. ಕೇಳು ಎಂಬ ಅರ್ಥದ 'ಲಿಸನ್' ಪದದಲ್ಲಿ ಎಲ್, ಐ, ಎಸ್, ಟಿ, ಇ, ಎನ್ ಎಂಬ ಆರು ಅಕ್ಷರಗಳಿವೆ. ಅಲ್ಲಿ ಟಿ ಬಾಯಿ ಬಿಡುವುದಿಲ್ಲ. ಅವೇ ಆರನ್ನು ಸ್ಥಳ ಬದಲಿಸಿ ಇಟ್ಟರೆ 'ಸೈಲೆಂಟ್' ಆಗುತ್ತದೆ. ಅಲ್ಲಿ ಅದೇ ಟಿ ಸ್ಪಷ್ಟವಾಗಿ ನುಡಿಯುತ್ತದೆ.

ಈ ಕಪಟವು ಮಕ್ಕಳನ್ನು ಎಷ್ಟು ಕಾಡುವುದೆಂಬುದನ್ನು ನಾವು ಮನೆಯಲ್ಲಿಯೇ ಕಂಡೆವು. ಐದನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮೊಮ್ಮಗಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಲಾಗಿತ್ತು. ಅಲ್ಲಿ ಪ್ರತಿ ಗುರುವಾರ ಉಕ್ತಲೇಖನ. ಗುರುವಾರದ ಬೆಳಗಾಯಿತೆಂದರೆ ಮಗುವಿಗೆ ಹೊಟ್ಟೆನೋವು. ನೋಟುಪುಸ್ತಕವನ್ನು ತೆರೆದರೆ ಪುಟದ ತುಂಬ ಕೆಂಪು ಶಾಯಿ. ಪಾಪ, ಅವಳು ತಪ್ಪನ್ನೇನೂ ಮಾಡಿರಲಿಲ್ಲ. ಕಿವಿಗೆ ಬಿದ್ದುದನ್ನು ಕನ್ನಡದ ಧರ್ಮದಂತೆ ಪ್ರಾಮಾಣಿಕವಾಗಿ ಬರೆದಿದ್ದಳು. ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಕಂಡ ನಾವೂ ಒಂದು ಕಾಲದಲ್ಲಿ ಇದೇ ಕಾರಣಕ್ಕೆ ಬೆಂಚಿನ ಮೇಲೆ ನಿಂತವರೇ ಆದುದರಿಂದ ಗದರಿಸಲು ಬಾಯಿ ಬರಲಿಲ್ಲ.

ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಚೌಕ ಚೂರುಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದೆವು. ಯಾವ ಅಕ್ಷರ ಎಷ್ಟಿರಬೇಕೆಂಬುದಕ್ಕೆ ಹಿಂದಿನವರೊಬ್ಬರು ಹಾಕಿಕೊಟ್ಟ ಲೆಕ್ಕವಿದೆ. ಅಮೆರಿಕೆಯ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಾಗ, ವೃತ್ತಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುವುದೆಂದು ಎಣಿಸಿ ಪದದಾಟವೊಂದನ್ನು ರಚಿಸಿದರು. 1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು ಅದನ್ನು ಸ್ಕ್ರ್ಯಾಬಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಅದರ 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9; ಜೆ, ಕೆ, ಕ್ಯೂ, ಎಕ್ಸ್, ಜೆಡ್ ಒಂದೊಂದೇ. ಎರಡು ಬಿಲ್ಲೆಗಳು ಖಾಲಿ. ಎಸ್ ಕೇವಲ 4. ಯಾವ ಪದಕ್ಕಾದರೂ ಎಸ್ ಅಂಟಿಸಿ ಬಹುವಚನ ಮಾಡಿ ಗೆದ್ದುಬಿಡುವುದನ್ನು ತಡೆಯಲು ಬಟ್ಸ್ ಬೇಕೆಂದೇ ಕೈ ಬಿಗಿ ಹಿಡಿದರು. ಸಂಸಾರಸ್ಥರ ಬುದ್ಧಿ!

ಇರುಳೂಟವಾದ ಮೇಲೆ ಆರು ಚೂರುಗಳನ್ನು ಚಾಪೆಯ ಮೇಲಿಟ್ಟು, ಅವುಗಳಿಂದ ಹುಟ್ಟುವ ಪದಗಳನ್ನು ಹುಡುಕುವುದು ನಮ್ಮ ಆಟ. ಆರು ಬೇರೆ ಬೇರೆ ಅಕ್ಷರಗಳನ್ನು 720 ಬಗೆಯಲ್ಲಿ ಜೋಡಿಸಬಹುದು. ಎಲ್ಲವನ್ನೂ ಪರೀಕ್ಷಿಸುತ್ತ ಕುಳಿತರೆ ಬೆಳಗಾದೀತು. ಆದುದರಿಂದ ಸ್ವರಗಳನ್ನು ಒಂದು ಕಡೆ, ವ್ಯಂಜನಗಳನ್ನು ಒಂದು ಕಡೆ ಇಡುವುದು. ಎಸ್-ಟಿ, ಎಸ್-ಎಚ್, ಟಿ-ಎಚ್ ಮುಂತಾದ ಜೋಡಿಗಳನ್ನು ಮೊದಲು ಕೂಡಿಸಿ ನೋಡುವುದು. ಇ-ಆರ್, ಇ-ಡಿ, ಐ-ಎನ್-ಜಿ ಇದ್ದರೆ ಅವನ್ನು ಕೊನೆಗೆ ತಳ್ಳಿ, ಉಳಿದುದು ಏನನ್ನು ಹೇಳುವುದೆಂದು ಕೇಳುವುದು. ಎ, ಇ, ಆರ್, ಎಸ್, ಟಿ ಎಂಬ ಐದರಿಂದಲೇ ಸ್ಟೇರ್, ಟಿಯರ್ಸ್, ರೇಟ್ಸ್, ಸ್ಟಾರ್, ಈಸ್ಟ್, ಸೀಟ್, ರೆಸ್ಟ್, ಆರ್ಟ್, ರ‍್ಯಾಟ್, ಟೀ ಎಂದು ಸಾಲು ಹೊರಟಾಗ ಮಗುವಿನ ಮುಖ ನೋಡಬೇಕು.

ಗಣಕಯಂತ್ರದ ಉಪಾಯ ಇನ್ನೂ ಸರಳ. ಅದು ಪ್ರತಿಯೊಂದು ಪದದ ಅಕ್ಷರಗಳನ್ನೂ ಮೊದಲು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಲಿಸನ್ ಆಗಲಿ ಸೈಲೆಂಟ್ ಆಗಲಿ, ಇ, ಐ, ಎಲ್, ಎನ್, ಎಸ್, ಟಿ ಎಂಬ ಒಂದೇ ಗೂಡಿಗೆ ಬಂದು ಸೇರುತ್ತವೆ. ಆ ಗೂಡನ್ನು ತೆರೆದರೆ ಎನ್‌ಲಿಸ್ಟ್, ಇನ್‌ಲೆಟ್ಸ್, ಟಿನ್ಸೆಲ್ ಸಹ ಸಿಕ್ಕುತ್ತವೆ. ಪಂದ್ಯಗಳಲ್ಲಿ ಆಡುವ ನುರಿತವರು ಇದನ್ನೇ ತಲೆಯಲ್ಲಿ ಮಾಡುತ್ತಾರೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬವರು ಫ್ರೆಂಚ್ ಮಾತನಾಡಲು ಬಾರದಿದ್ದರೂ, ಪದಪಟ್ಟಿಯನ್ನು ಬಾಯಿಪಾಠ ಮಾಡಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವಪ್ರಶಸ್ತಿಯನ್ನೇ ಗೆದ್ದರು. ಅದ್ಭುತವೇ ಸರಿ. ಆದರೆ ಅರ್ಥವರಿಯದ ಪದಸಂಪತ್ತು ಮಕ್ಕಳಿಗೆ ಬೇಡವೆಂದು ನಮಗೆ ತೋರಿತು. ಆದುದರಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಪದವನ್ನು ಕಂಡವರು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಮಾತ್ರ ಒಂದು ಅವರೆಕಾಳು.

ಕಾಳುಗಳ ಲೆಕ್ಕ ಇಟ್ಟುಕೊಂಡವರು ಇಂಗ್ಲಿಷಿನ ಗಂಧವಿಲ್ಲದ ನಮ್ಮ ಮನೆಯವರು. 'ಟಿನ್ಸೆಲ್' ಪದ ದೊರೆತ ದಿನ ಮೊಮ್ಮಗಳು ನಿಘಂಟನ್ನು ನೋಡಿ, "ಮಿರಮಿರ ಮಿಂಚುವ ತೆಳು ಹಾಳೆ ಅಜ್ಜಿ, ಅಲಂಕಾರಕ್ಕೆ ಹಚ್ಚುತ್ತಾರಂತೆ" ಎಂದಳು.

"ಅದಕ್ಕೆ ಬೇಗಡೆ ಅನ್ನುತ್ತಾರೆ, ತಾಯಿ. ನಿಮ್ಮಮ್ಮನ ಮದುವೆಯ ಬಾಸಿಂಗಕ್ಕೆ ನಾನೇ ಹಚ್ಚಿದ್ದೆ" ಎಂದರು ಅವರು.

ಆ ಕನ್ನಡ ಪದವನ್ನು ಮಗು ಅಂದೇ ಮೊದಲು ಕೇಳಿದ್ದು. ಕಾಳು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಬಂದು, ಕೊನೆಗೆ ಇಬ್ಬರಿಗೂ ಒಂದೊಂದು ಕೊಡಬೇಕಾಯಿತು.

ನಾಲ್ಕು ತಿಂಗಳು ಕಳೆದಿವೆ. ಕೆಂಪು ಶಾಯಿ ಪೂರ್ತಿ ಅಳಿದಿಲ್ಲ; ಇಪ್ಪತ್ತು ಪದಗಳಿಗೆ ಆರೇಳು ತಪ್ಪುಗಳು ಈಗಲೂ ಇರುತ್ತವೆ. ಗುರುವಾರದ ಹೊಟ್ಟೆನೋವು ಮಾತ್ರ ನಿಂತಿದೆ. ಕಳೆದ ವಾರ ಕಸ ಗುಡಿಸುವಾಗ ಕ್ಯೂ ಎಂಬ ಅಕ್ಷರದ ಚೂರು ಎಲ್ಲಿಯೋ ಹೋಯಿತು. ಹೊಸದನ್ನು ಇನ್ನೂ ಕತ್ತರಿಸಿಲ್ಲ. ಇದುವರೆಗೆ ಯಾರೂ ಅದನ್ನು ಕೇಳಿಯೂ ಇಲ್ಲ.