ಬಂಡೆಗುಡ್ಡದ ಬಾವಲಿ: ತಪ್ಪು ಕಲ್ಪನೆ ಮತ್ತು ಸತ್ಯ

ಅಪರೂಪದ ಜೀವಿಗಳಿರುವುದು ಮಲೆನಾಡಿನ ದಟ್ಟ ಕಾಡಿನಲ್ಲಿ ಮಾತ್ರ, ಬಯಲುಸೀಮೆಯ ಬಂಡೆಗುಡ್ಡಗಳು ಕಲ್ಲು ಒಡೆಯುವುದಕ್ಕಷ್ಟೇ ಯೋಗ್ಯವಾದ ಬಂಜರು ಎಂಬ ನಂಬಿಕೆ ವ್ಯಾಪಕವಾಗಿದೆ. ರಾಮನಗರದ ರಾಮದೇವರ ಬೆಟ್ಟವನ್ನು ಅಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ವನ್ಯಜೀವಿಧಾಮವಾಗಿ ಘೋಷಿಸಿದ್ದೇ ಈ ನಂಬಿಕೆಗೆ ಒಂದು ಉತ್ತರ. ಇನ್ನೂ ಬಲವಾದ ಉತ್ತರ ಕೋಲಾರ ಜಿಲ್ಲೆಯಲ್ಲಿದೆ. ಜಗತ್ತಿನ ಅತಿ ವಿರಳ ಬಾವಲಿಗಳಲ್ಲಿ ಒಂದಾದ ಕೋಲಾರದ ಎಲೆಮೂಗಿನ ಬಾವಲಿ, ಅಂದರೆ ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್, ಇಂದು ಹನುಮನಹಳ್ಳಿಯ ಗುಡ್ಡದ ಒಂದೇ ಗುಹೆಯಲ್ಲಿ, ಇನ್ನೂರರ ಒಳಗಿನ ಸಂಖ್ಯೆಯಲ್ಲಿ ಉಳಿದಿದೆ.

ಹೊಸ ಪ್ರಭೇದವೊಂದು ಕಣ್ಣಿಗೆ ಬಿದ್ದೊಡನೆ ಪತ್ತೆಯಾಗುತ್ತದೆ ಎಂಬುದೂ ಸರಿಯಲ್ಲ. ಪ್ರಾಣಿಯನ್ನು ಹಿಡಿಯುವುದು ಬೇರೆ, ಅದರ ತಲೆಬುರುಡೆ, ಹಲ್ಲು, ಮೂಗಿನ ಮೇಲಿನ ಚರ್ಮದ ಮಡಿಕೆಗಳನ್ನು ಹತ್ತಿರದ ಪ್ರಭೇದಗಳೊಂದಿಗೆ ಹೋಲಿಸಿ ಪ್ರತ್ಯೇಕವೆಂದು ನಿರೂಪಿಸುವುದು ಬೇರೆ. ತಮಿಳುನಾಡಿನ ಮೇಘಮಲೆಯ ಭಾಗದಲ್ಲಿ 1948ರಲ್ಲಿ ನಿಸರ್ಗಾಸಕ್ತ ಆಂಗಸ್ ಹಟನ್ ಸಂಗ್ರಹಿಸಿದ ಬಾವಲಿಯನ್ನು ಸಾಮಾನ್ಯ ಪ್ರಭೇದವೆಂದೇ ಗುರುತಿಸಿ ಸಂಗ್ರಹಾಲಯದಲ್ಲಿ ಇಡಲಾಗಿತ್ತು. ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ಥೊಂಗ್ಲೊಂಗ್ಯ 1972ರಲ್ಲಿ ಅದನ್ನು ಪರೀಕ್ಷಿಸಿ, ಹೊಸ ಕುಲವೆಂದೇ ಸಾರಿ, ಪಕ್ಷಿತಜ್ಞ ಸಲೀಂ ಅಲಿಯವರ ಹೆಸರನ್ನಿಟ್ಟರು. ಕೋಲಾರದ ಬಾವಲಿಯ ವಿಷಯದಲ್ಲಿ ಈ ತಾಳ್ಮೆಯ ಕೆಲಸವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್. ಆರ್. ಭಟ್ ಮತ್ತು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸೆಂಕೆನ್‌ಬರ್ಗ್ ಸಂಸ್ಥೆಯ ಡೀಟರ್ ಕಾಕ್ ಮಾಡಿ, 1994ರಲ್ಲಿ ವಿವರಣೆಯನ್ನು ಪ್ರಕಟಿಸಿದರು. ಬಾವಲಿಯ ಹೆಸರಿನೊಂದಿಗೆ ಭಟ್ಟರ ಹೆಸರೂ ಕನ್ನಡಿಗರಿಗೆ ಪರಿಚಿತವಾಗಬೇಕಿತ್ತು.

ಬಾವಲಿಗಳೆಲ್ಲ ಮಾವು, ಸೀಬೆ ತಿನ್ನುವವೆಂದು ತೋಟಗಾರರು ಭಾವಿಸುವುದುಂಟು. ಎಲೆಮೂಗಿನ ಬಾವಲಿಗಳಿಗೆ ಹಣ್ಣು ಆಹಾರವೇ ಅಲ್ಲ, ಅವು ಕೀಟಾಹಾರಿಗಳು. ಮೂಗಿನ ಹೊಳ್ಳೆಗಳಿಂದ ಮನುಷ್ಯರ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಎಲೆಯಂತಹ ಮಡಿಕೆಯಿಂದ ಅದನ್ನು ಒಂದು ದಿಕ್ಕಿಗೆ ಕೇಂದ್ರೀಕರಿಸಿ, ಮರಳುವ ಪ್ರತಿಧ್ವನಿಯಿಂದ ಹಾರುವ ಕೀಟವನ್ನು ಪತ್ತೆಹಚ್ಚುತ್ತವೆ. ಹಾಗೆಂದು ಅವು ಕುರುಡೂ ಅಲ್ಲ.

ಗುಡ್ಡ ಒಡೆದರೆ ಬಾವಲಿ ಮತ್ತೊಂದು ಗುಡ್ಡಕ್ಕೆ ಹಾರಿಹೋಗುತ್ತದೆ ಎಂಬ ಸಮಾಧಾನ ಎಲ್ಲಕ್ಕಿಂತ ಅಪಾಯಕಾರಿ. ತಕ್ಕ ಕತ್ತಲೆ, ತೇವ, ಉಷ್ಣತೆಗಳು ಕೂಡಿಬರುವ ಗುಹೆಗಳು ವಿರಳ. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಹಿಂದೆ ಕೋಲಾರದ ಬಾವಲಿಗೆ ನೆಲೆಯಾಗಿದ್ದ ತೇರಹಳ್ಳಿಯಲ್ಲಿ ಅದು ಈಗ ಕಾಣಸಿಗುವುದಿಲ್ಲ. ಗ್ರಾನೈಟ್ ಗಣಿಗಾರಿಕೆಯನ್ನು ಮುಖ್ಯ ಬೆದರಿಕೆಯೆಂದು ಗುರುತಿಸಿರುವ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಪ್ರಭೇದವನ್ನು ತೀವ್ರ ಅಪಾಯದಂಚಿನ ವರ್ಗಕ್ಕೆ ಸೇರಿಸಿದೆ. ನಿಸರ್ಗದಿಂದ ಅಳಿದವುಗಳ ವರ್ಗ ಅದರ ಮುಂದಿನದು.