ಚಿನ್ನದ ಬೆನ್ನಿಗೆ ಬಂದ ಆರ್ಸೆನಿಕ್

ಭೂಮಿಯ ಆಳದಲ್ಲಿ ಕಾದ ನೀರು ಬಂಡೆಗಳ ಬಿರುಕುಗಳಲ್ಲಿ ಹಾದುಬರುವಾಗ ಲೋಹಗಳನ್ನೂ ಗಂಧಕವನ್ನೂ ಆರ್ಸೆನಿಕ್ ಎಂಬ ವಿಷಧಾತುವನ್ನೂ ಕರಗಿಸಿಕೊಂಡು ಮೇಲೇರುತ್ತದೆ; ನ್ಯೂಜಿಲೆಂಡಿನ ಷಾಂಪೇನ್ ಪೂಲ್ ಎಂಬ ಬಿಸಿನೀರಿನ ಕೊಳದ ಅಂಚಿನಲ್ಲಿ ಕೂಡುವ ಕಿತ್ತಳೆ ಬಣ್ಣದ ಗಸಿಯಲ್ಲಿ ಆರ್ಸೆನಿಕ್ಕಿನೊಡನೆ ಚಿನ್ನವೂ ಸಿಗುವುದು ಈ ಕಾರಣದಿಂದಲೇ. ಗಂಗಾವತಿಯ ಉತ್ತರಕ್ಕಿರುವ ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಿಂದ ಬಹಳ ಆಳದಲ್ಲಿ, ಇಂಥದೇ ಬಿಸಿದ್ರವಗಳು ಚಿನ್ನವನ್ನು ತಂದಿಳಿಸಿದವು. ಅದರ ಜೊತೆಗೆ ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಆರ್ಸೆನೊಪೈರೈಟ್ ಎಂಬ ಖನಿಜವೂ ನೆಲೆಗೊಂಡಿತು.

ಈ ಖನಿಜ ಬಂಡೆಯೊಳಗೆ ಮುಚ್ಚಿಕೊಂಡಿರುವವರೆಗೆ ಅಪಾಯ ಕಡಿಮೆ. ಗಾಳಿ ಮತ್ತು ನೀರು ತಗುಲಿದಾಗ ಅದು ಶಿಥಿಲವಾಗುತ್ತದೆ, ಬ್ಯಾಕ್ಟೀರಿಯಾಗಳು ಆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ, ಆರ್ಸೆನಿಕ್ ಅಂತರ್ಜಲಕ್ಕೆ ಸೇರುತ್ತದೆ. ಅದರ ಒಂದು ರೂಪವಾದ ಆರ್ಸೆನೇಟ್, ಜೀವಕೋಶಕ್ಕೆ ಅತ್ಯಗತ್ಯವಾದ ಫಾಸ್ಫೇಟನ್ನು ಹೋಲುವುದರಿಂದ ಅದರ ದಾರಿಯಲ್ಲೇ ಒಳನುಗ್ಗುತ್ತದೆ. ಇನ್ನೊಂದಾದ ಆರ್ಸೆನೈಟ್ ಪ್ರೋಟೀನುಗಳಲ್ಲಿನ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ಆದರೂ ಅನೇಕ ಬ್ಯಾಕ್ಟೀರಿಯಾಗಳು ಅದನ್ನು ಕೋಶದಿಂದ ಹೊರದಬ್ಬುವ ವ್ಯವಸ್ಥೆಯನ್ನು ಪಡೆದಿವೆ. ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಅಮೆರಿಕದ ಮೋನೋ ಸರೋವರದ ನಡುಗಡ್ಡೆಯೊಂದರ ಬಿಸಿನೀರಿನ ಬುಗ್ಗೆಗಳ ಸಂಗತಿ: ಅಲ್ಲಿನ ಸೂಕ್ಷ್ಮಜೀವಿಗಳು ದ್ಯುತಿಸಂಶ್ಲೇಷಣೆಯಲ್ಲಿ ನೀರಿನ ಬದಲು ಆರ್ಸೆನೈಟನ್ನೇ ಬಳಸುತ್ತವೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು.

ಮನುಷ್ಯನಿಗೆ ಅಂಥ ಅನುಕೂಲವಿಲ್ಲ. ಯಕೃತ್ತು ಆರ್ಸೆನಿಕ್ಕನ್ನು ಮಾರ್ಪಡಿಸಿ ಮೂತ್ರದ ಮೂಲಕ ಕಳುಹಿಸುತ್ತದೆಯಾದರೂ, ವರ್ಷಗಟ್ಟಲೆ ಅದು ದೇಹಕ್ಕೆ ಸೇರುತ್ತಿದ್ದರೆ ಚರ್ಮದ ಬಣ್ಣ ಮಾರ್ಪಟ್ಟು ಅಂಗೈ, ಅಂಗಾಲುಗಳಲ್ಲಿ ಗಂಟುಗಳೇಳುತ್ತವೆ, ಮುಂದೆ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿಯ ಸಮೀಪದಲ್ಲಿರುವ ಕಿರದಳ್ಳಿ ತಾಂಡಾದಲ್ಲಿ ಕಂಡದ್ದು ಇದೇ ವ್ಯಾಧಿ. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಆ ಪ್ರದೇಶದ 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟು ಮಾದರಿಗಳು ಲೀಟರಿಗೆ 10 ಮೈಕ್ರೋಗ್ರಾಂ ಆರ್ಸೆನಿಕ್ ಎಂಬ ಮಿತಿಯನ್ನು ಮೀರಿದ್ದವು, ಒಂದರಲ್ಲಂತೂ ಆ ಪ್ರಮಾಣ 303 ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಇದರಲ್ಲಿ ಬಂಡೆಯ ಪಾಲೆಷ್ಟು, ಗಣಿಯ ತ್ಯಾಜ್ಯದ ಪಾಲೆಷ್ಟು ಎಂಬುದನ್ನು ಆ ಅಧ್ಯಯನ ಬಿಡಿಸಿ ಹೇಳಲಿಲ್ಲ. ಕುಡಿದವರಿಗೆ ಮಾತ್ರ ಆ ವ್ಯತ್ಯಾಸದಿಂದ ಯಾವ ಸಮಾಧಾನವೂ ಇಲ್ಲ.

ಕುಷ್ಟಗಿ, ಯಲಬುರ್ಗಾ ಸೀಮೆಯ ಜನರಿಗೆ ಕೊಳವೆಬಾವಿಯ ಫ್ಲೋರೈಡಿನ ಕಾಟ ಹೊಸದಲ್ಲ. ಆದರೆ ಫ್ಲೋರೈಡಿನ ಪರೀಕ್ಷೆಯೊಂದರಿಂದಲೇ ಆರ್ಸೆನಿಕ್ ಪತ್ತೆಯಾಗುವುದಿಲ್ಲ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ಆದುದರಿಂದ ಚಿನ್ನದ ಬಂಡೆಯ ಪಟ್ಟಿಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿ ಇರುವವರು ಫ್ಲೋರೈಡಿನ ಪರೀಕ್ಷೆಗೆ ನೀರು ಕೊಡುವಾಗ ಆರ್ಸೆನಿಕ್ಕಿನ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.