ಲೋಚ್ ಮೀನು ಕೊಳ್ಳುವ ಮೊದಲು

ನಮ್ಮ ಕಡೆಯ ಪೇಟೆಗಳಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಈಗ ಹೊಸತೇನಲ್ಲ. ಮಕ್ಕಳ ಹಠಕ್ಕೆ ಸೋತು ಒಂದು ಗಾಜಿನ ತೊಟ್ಟಿ ತಂದ ಮನೆಯವರಿಗೆ ಅಂಗಡಿಯವರು ಕೊನೆಗೊಂದು ಮಾತು ಹೇಳುವುದುಂಟು: "ಒಂದು ಲೋಚ್ ಹಾಕಿ, ತಳದ ಕೊಳೆಯೆಲ್ಲ ತಿನ್ನುತ್ತದೆ, ಬಸವನಹುಳುವೂ ಉಳಿಯುವುದಿಲ್ಲ." ಇದರಲ್ಲಿ ಎರಡನೆಯ ಮಾತು ಮಟ್ಟಿಗೆ ನಿಜ. ಮೊದಲನೆಯದು ನಿಜವಲ್ಲ. ಮೀನಿನ ಮಲವನ್ನು ಯಾವ ಮೀನೂ ತಿಂದು ತೊಟ್ಟಿ ಶುಚಿ ಮಾಡುವುದಿಲ್ಲ. ಆ ಕೆಲಸ ಮನೆಯವರದೇ.

ಲೋಚ್ ಎಂಬುದು ಒಂದು ಮೀನಿನ ಹೆಸರಲ್ಲ, ಒಂದು ದೊಡ್ಡ ಬಳಗದ ಹೆಸರು. ಮದುರೆಯವರು ಅಯಿರೈ ಎಂದು ಕರೆದು ರುಚಿಯಾದ ಸಾರು ಮಾಡುವ, ಬೆರಳಿಗಿಂತ ಸಣ್ಣ ಮೀನು ಈ ಬಳಗದ್ದೇ. ಕಾಲಿಟ್ಟೊಡನೆ ಹೊಯ್ಗೆಯೊಳಗೆ ನುಸುಳಿ ಮಾಯವಾಗುವ ಇಂಥ ಮೀನನ್ನು ನಮ್ಮ ತೋಡುಗಳಲ್ಲಿ ಆಡಿ ಬೆಳೆದ ಮಕ್ಕಳೂ ಬಲ್ಲರು. ಕೆಳಮುಖವಾದ ಬಾಯಿ, ಅದರ ಸುತ್ತ ಮೀಸೆ, ಇದ್ದೂ ಇಲ್ಲದಂತಿರುವ ನವಿರಾದ ಹುರುಪೆ, ಹಲವು ಜಾತಿಗಳಲ್ಲಿ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳು: ಇಷ್ಟನ್ನು ತಿಳಿದರೆ ಸಾಕುವ ಕ್ರಮದ ಅರ್ಧ ಪಾಠ ಮುಗಿದಂತೆ.

ಉಳಿದರ್ಧ ಆಯ್ಕೆಯದು. ಅಂಗಡಿಯಲ್ಲಿ ಎಲ್ಲರ ಕಣ್ಣು ಸೆಳೆಯುವುದು ಕ್ಲೌನ್ ಲೋಚ್. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟಿ, ಎರಡಂಗುಲ ಉದ್ದ. ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳ ಹೊಳೆಗಳ ಈ ಮೀನನ್ನು ಡಚ್ ವೈದ್ಯ ಬ್ಲೀಕರ್ 1852ರಲ್ಲಿ ಲೋಕಕ್ಕೆ ಪರಿಚಯಿಸಿದ. ಅಂಗಡಿಯ ಎರಡಂಗುಲದ ಮರಿ ಒಂದಡಿಯವರೆಗೆ ಬೆಳೆಯಬಲ್ಲುದು, ಇಪ್ಪತ್ತು ವರ್ಷಕ್ಕೂ ಮೀರಿ ಬಾಳಬಲ್ಲುದು. ಎರಡನೆಯ ತರಗತಿಯ ಮಗುವಿಗೆಂದು ತಂದ ಮೀನು ಆ ಮಗುವಿನ ಮದುವೆಯ ಹೊತ್ತಿಗೂ ಇರಬೇಕಾದದ್ದು! ಗುಂಪಿನಲ್ಲಿ ಬಾಳುವ ಜೀವಿಯಾದುದರಿಂದ ಐದಾರಾದರೂ ಬೇಕು. ಅಷ್ಟು ಮೀನು ಬೆಳೆದಾಗ ಆರಡಿಯ ತೊಟ್ಟಿ ಬೇಕು. ಎರಡಡಿಯ ತೊಟ್ಟಿಯಲ್ಲಿ ಒಂಟಿಯಾಗಿ ಮೂಲೆ ಹಿಡಿದು ಕುಗ್ಗುವುದು ಅದರ ಪಾಡು. ಬೆಳವಣಿಗೆ ನಿಧಾನವಾದುದರಿಂದ ಮನೆಯವರಿಗೆ ಇದು ಗೊತ್ತಾಗುವುದೂ ತಡವಾಗಿಯೇ. ಸಾಧಾರಣ ಮನೆಗೆ ಇದು ತಕ್ಕ ಮೀನಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಯಾವುದು ತಕ್ಕದ್ದು? ಗಾತ್ರವೊಂದನ್ನೇ ನೋಡಿದರೆ ನಮ್ಮ ಘಟ್ಟದ ಜೀಬ್ರಾ ಲೋಚ್‌ಗೆ ಮೊದಲ ಸ್ಥಾನ. ಮೂರೂವರೆ ಅಂಗುಲ ಮೀರದು, ಮೈತುಂಬ ನವಿರಾದ ಓರೆಗೀಟುಗಳು, ಸ್ವಭಾವ ಸಾಧು. ಇದನ್ನು 1920ರಲ್ಲಿ ವಿವರಿಸಿ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್, ಮುಂದೆ 1932ರಲ್ಲಿ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮೀನು ಸಿಕ್ಕಿದ್ದು ತುಂಗಾ ನದಿಯಲ್ಲಿ. ಹೊರನಾಡಿನ ಮೀನೆಂದು ತಿಳಿದು ಕೊಳ್ಳುವವರಿಗೆ ಅದು ಸಹ್ಯಾದ್ರಿಯದೆಂಬುದೇ ಗೊತ್ತಿರುವುದಿಲ್ಲ. ದುಃಖದ ಸಂಗತಿಯೆಂದರೆ, ಪಶ್ಚಿಮ ಘಟ್ಟದ ಕೆಲವೇ ನದಿಗಳಲ್ಲಿರುವ ಈ ಮೀನು ಇಂದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿದೆ. ಆದುದರಿಂದ ಕೊಳ್ಳುವ ಮೊದಲು, ಇದು ಸಾಕಿ ಮರಿ ಮಾಡಿಸಿದ್ದೇ, ಹೊಳೆಗೆ ಬಲೆ ಹಾಕಿ ತಂದದ್ದೇ ಎಂದು ಕೇಳಬೇಕು. ಸರಿಯಾದ ಉತ್ತರ ಬಾರದಿದ್ದರೆ ಬೇರೆ ಮೀನು ನೋಡುವುದು ಲೇಸು.

ಬೇರೆಯದೆಂದರೆ ಕುಹ್ಲಿ ಲೋಚ್. (ಹೆಸರಿಗೂ ದಿನಗೂಲಿಗೂ ಸಂಬಂಧವಿಲ್ಲ, 1821ರಲ್ಲಿ ಜಾವಾದಲ್ಲಿ ತೀರಿಕೊಂಡ ಜರ್ಮನ್ ಪ್ರಕೃತಿ ವಿಜ್ಞಾನಿ ಕೂಲ್ ಎಂಬವನ ನೆನಪು ಅದು.) ಹಾವಿನ ಮರಿಯಂತೆ ಬಳುಕುವ, ಹಳದಿ ಮೈಗೆ ಕಂದು ಪಟ್ಟಿಯ, ನಾಲ್ಕಂಗುಲದ ಮೀನು. ಆರನ್ನು ಎರಡಡಿಯ ತೊಟ್ಟಿಯಲ್ಲಿ ಸುಖವಾಗಿ ಇಡಬಹುದು. ಗಂಗೆಯ ಬಯಲಿನ ಕಡೆಯ ಯೋಯೋ ಲೋಚ್ ಚುರುಕು ಮೀನು. ಆದರೆ ಐದಾರು ಅಂಗುಲ ಬೆಳೆದು ಅಟ್ಟಾಡಿಸುತ್ತದೆ, ನಾಲ್ಕಡಿ ಬೇಕು.

ಕೊಳ್ಳುವಾಗ ಹೊಟ್ಟೆ ನೋಡಿರಿ. ಒಳಸೇರಿದ ಹೊಟ್ಟೆ, ಕತ್ತಿಯಲಗಿನಂತಾದ ಬೆನ್ನು ಇದ್ದರೆ ಎಷ್ಟು ಚೆಂದವಿದ್ದರೂ ಬೇಡ. ಕರುಳಿನಲ್ಲಿ ಹುಳವಿದ್ದು, ತಿಂದರೂ ಮೈಗೆ ಹತ್ತದ ರೋಗ ಅದಾಗಿರಬಹುದು.

ಇನ್ನು ತೊಟ್ಟಿ. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ್ದಾದರೆ ಸುಮಾರು 106 ಲೀಟರ್ ನೀರು ಹಿಡಿಯುತ್ತದೆ. ನೀರೇ ಒಂದು ಕ್ವಿಂಟಾಲಾಯಿತು. ಗಾಜು, ಹೊಯ್ಗೆ ಬೇರೆ. ಹಳೆಯ ಸ್ಟೂಲಿನ ಮೇಲೆ ಇಡುವಂಥದ್ದಲ್ಲ. ನೀರಿನ ಮಟ್ಟಿಗೆ ನಾವು ಭಾಗ್ಯವಂತರು: ಮುರಕಲ್ಲಿನ ಬಾವಿಯ, ಸುರಂಗದ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ; ಲೋಚ್‌ಗಳಿಗೆ ಅದು ಹಿತ. ನಳ್ಳಿಯ ಕ್ಲೋರಿನ್ ನೀರನ್ನು ಒಂದು ರಾತ್ರಿಯಾದರೂ ತೆರೆದಿಟ್ಟು ಬಳಸಬೇಕು. ತಳಕ್ಕೆ ಚೆನ್ನಾಗಿ ತೊಳೆದ, ನಯವಾದ ಹೊಳೆಯ ಹೊಯ್ಗೆ. ಹರಿತವಾದ ಜಲ್ಲಿ ಮೀಸೆಯನ್ನು ಸವೆಸುತ್ತದೆ. ಕಡಲ ಹೊಯ್ಗೆಯಲ್ಲಿ ಚಿಪ್ಪಿನ ಚೂರಿರುವುದರಿಂದ ನೀರು ಗಡಸಾಗುತ್ತದೆ. ಅಡಗಲು ಒಂದೆರಡು ತೆಂಗಿನ ಗೆರಟೆ, ಒಡೆದ ಮಡಕೆಯ ಅಂಚು ಸವರಿದ ತುಂಡು ಸಾಕು. ಅಡಗಲು ಜಾಗವಿದ್ದಷ್ಟೂ ಮೀನು ಧೈರ್ಯದಿಂದ ಹೊರಗೆ ಬರುತ್ತದೆ.

ಹೊಸ ತೊಟ್ಟಿಗೆ ಲೋಚ್ ಮೊದಲ ಮೀನಾಗಿ ಬೇಡ. ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ತಿಂದು ಪರಿವರ್ತಿಸುವ ಸೂಕ್ಷ್ಮಾಣುಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕಾಗುತ್ತದೆ. ಬಳಿಕವೂ ವಾರಕ್ಕೊಮ್ಮೆ ಕಾಲಂಶ ನೀರು ಬದಲಿಸಬೇಕು. ಮೇಲೆ ಮುಚ್ಚಳ ಬೇಕೇ ಬೇಕು. ಕುಹ್ಲಿ ಕಿರುಬೆರಳಿನ ಸಂದಿನಲ್ಲೂ ಹೊರಬೀಳುತ್ತದೆ. ತಿನಿಸು ತಳಕ್ಕಿಳಿಯುವಂಥದು, ದೀಪ ಆರಿಸಿದ ಮೇಲೆ. ಆಗಾಗ ಎರೆಹುಳು, ಬೇಯಿಸಿದ ಸೌತೆಯ ಚೂರು ಕೊಡಬಹುದು.

ಕ್ಲೌನ್ ಲೋಚ್ ಅಡ್ಡ ಮಲಗಿತೆಂದು ಮಕ್ಕಳು ಅಳಬೇಕಾಗಿಲ್ಲ, ಅದು ಮಲಗುವ ರೀತಿಯೇ ಹಾಗೆ. ಆದರೆ ಮೀನನ್ನು ಬಲೆಯಲ್ಲಿ ಎತ್ತಬಾರದು. ಹೆದರಿದೊಡನೆ ಕಣ್ಣಿನ ಕೆಳಗಿನ ಮುಳ್ಳನ್ನು ನಿಮಿರಿಸುವುದರಿಂದ ನೂಲಿಗೆ ಸಿಕ್ಕಿಕೊಂಡು ಗಾಯವಾಗುತ್ತದೆ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನೊಂದಿಗೇ ತೆಗೆಯಬೇಕು.

ಆಟಿಯ ಜಡಿಮಳೆಯಲ್ಲಿ ನೀರು ತಟ್ಟನೆ ತಣ್ಣಗಾದಾಗ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಚುಕ್ಕೆ ಕಾಣಿಸಬಹುದು. ಲೋಚ್‌ಗೆ ಬೇಗನೆ ತಗಲುವ ರೋಗವಿದು. ಹುರುಪೆಯ ರಕ್ಷಣೆ ಕಡಿಮೆಯಾದುದರಿಂದ ಬಾಟಲಿಯ ಮೇಲೆ ಬರೆದ ಅಳತೆಯ ಅರ್ಧ ಔಷಧವನ್ನೇ ಹಾಕಬೇಕು. ನೀರನ್ನು ಮೆಲ್ಲಗೆ 30 ಡಿಗ್ರಿಯವರೆಗೆ ಬೆಚ್ಚಗಾಗಿಸಿ ಗಾಳಿ ಹೆಚ್ಚಿಸಬೇಕು. ರೋಗದ ಜೀವಿ ಮೀನಿನ ಮೈ ಬಿಟ್ಟು ನೀರಿಗಿಳಿದಾಗ ಮಾತ್ರ ಔಷಧಕ್ಕೆ ಸಾಯುತ್ತದೆ. ಆದುದರಿಂದ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಔಷಧ ನಿಲ್ಲಿಸಬಾರದು.

ಅದೇ ಮಳೆಗಾಲದಲ್ಲಿ ಕರೆಂಟು ಹೋಗಿ ಗಾಳಿಯಂತ್ರ ನಿಂತರೆ, ತೊಟ್ಟಿಯ ನೀರನ್ನೇ ಚೆಂಬಿನಲ್ಲಿ ಮೊಗೆದು ತುಸು ಎತ್ತರದಿಂದ ಮತ್ತೆ ಸುರಿಯುತ್ತಿದ್ದರೆ ಮೀನಿಗೆ ಉಸಿರಾಟಕ್ಕೆ ಸಾಕಾಗುತ್ತದೆ. ಮಕ್ಕಳು ಈ ಕೆಲಸಕ್ಕೆ ಕರೆಯದೆಯೇ ಬರುತ್ತಾರೆ.